ಉದ್ಯಮಶೀಲತೆಗೆ ಭಾವನಾತ್ಮಕ ಬುದ್ಧಿಮತ್ತೆಯ ಬುನಾದಿ

ಇಂಜಿನಿಯರಿಂಗ್ ಹಾಗೂ ವ್ಯವಸ್ಥಾಪನಾ ಪದವಿ ಪಡೆದು ಹೊರಬರುವ ಯುವಜನರಲ್ಲಿ ತಾಂತ್ರಿಕ ಜ್ಞಾನಕ್ಕಾಗಲಿ ಲೆಕ್ಕಾಚಾರದ ಕೌಶಲಕ್ಕಾಗಲಿ ಕೊರತೆಯಿಲ್ಲ. ಆದರೂ ಅನೇಕರ ದೃಷ್ಟಿ ಕ್ಯಾಂಪಸ್ ಸಂದರ್ಶನದತ್ತಲೇ ನೆಟ್ಟಿರುತ್ತದೆ. ಸ್ವಂತ ಉದ್ಯಮದ ಮಾತು ಬಂದೊಡನೆ ನಷ್ಟದ ಭಯ, ಮನೆಯವರ ಆತಂಕ, ಸೋತರೆ ನಾಲ್ಕು ಜನ ಏನೆಂದಾರು ಎಂಬ ಅಳುಕು ಎದುರಾಗುತ್ತವೆ. ಬ್ಯಾಂಕ್ ಸಾಲವೊಂದರಿಂದಲೇ ಈ ಅಳುಕು ನೀಗುವುದಿಲ್ಲ.

ತನ್ನ ಹಾಗೂ ಇತರರ ಭಾವನೆಗಳನ್ನು ಗುರುತಿಸಿ, ಆ ಅರಿವನ್ನು ಆಲೋಚನೆ ಮತ್ತು ನಡವಳಿಕೆಯಲ್ಲಿ ಬಳಸುವ ಸಾಮರ್ಥ್ಯವನ್ನು ಅಮೆರಿಕದ ಮನೋವಿಜ್ಞಾನಿಗಳಾದ ಪೀಟರ್ ಸಾಲೋವಿ ಮತ್ತು ಜಾನ್ ಮೇಯರ್ 1990ರಲ್ಲಿ 'ಭಾವನಾತ್ಮಕ ಬುದ್ಧಿಮತ್ತೆ' ಎಂದು ನಿರೂಪಿಸಿದರು. 1995ರಲ್ಲಿ ಪ್ರಕಟವಾದ ಡೇನಿಯಲ್ ಗೋಲ್‌ಮನ್ ಅವರ ಗ್ರಂಥದಿಂದ ಈ ಪರಿಕಲ್ಪನೆ ವಾಣಿಜ್ಯ ವಲಯದಲ್ಲಿ ಪ್ರಚಾರಕ್ಕೆ ಬಂದಿತು.

ಗೋಲ್‌ಮನ್ ಅವರಿಗೆ ಹಾರ್ವರ್ಡ್‌ನಲ್ಲಿ ಗುರುಗಳಾಗಿದ್ದ ಡೇವಿಡ್ ಮೆಕ್ಲೆಲೆಂಡ್ ಅವರ ಪ್ರಯೋಗಕ್ಕೆ ಭಾರತದ ನಂಟಿದೆ. 1960ರ ದಶಕದಲ್ಲಿ ಅವರು ಹೈದರಾಬಾದಿನ ಸಣ್ಣ ಕೈಗಾರಿಕಾ ವಿಸ್ತರಣಾ ತರಬೇತಿ ಸಂಸ್ಥೆಯ ಸಹಯೋಗದಲ್ಲಿ ಕಾಕಿನಾಡದ ವ್ಯಾಪಾರಸ್ಥರಿಗೆ 'ಸಾಧನಾ ಪ್ರೇರಣೆ'ಯ ತರಬೇತಿ ನೀಡಿದರು. ತರಬೇತಿ ಪಡೆದವರು ಉಳಿದವರಿಗಿಂತ ಹೆಚ್ಚು ಚಟುವಟಿಕೆಯಿಂದ ವ್ಯವಹಾರ ವಿಸ್ತರಿಸಿದರೆಂದು 1969ರ ಗ್ರಂಥದಲ್ಲಿ ದಾಖಲಿಸಿದರು. ಉಂಗುರವನ್ನು ಗೂಟಕ್ಕೆ ಎಸೆಯುವ ಆಟದಲ್ಲಿ ಸಾಧನಾಶೀಲರು ತೀರ ಹತ್ತಿರವೂ ತೀರ ದೂರವೂ ನಿಲ್ಲದೆ, ಕಷ್ಟವಾದರೂ ಸಾಧ್ಯವಿರುವ ಅಂತರವನ್ನು ಆಯ್ದುಕೊಳ್ಳುವರೆಂಬುದು ಅವರ ಮತ್ತೊಂದು ಪ್ರಸಿದ್ಧ ನಿರೂಪಣೆ. ಉದ್ಯಮಿಯು ಜೂಜುಗಾರನಲ್ಲ; ಅಳತೆಯರಿತು ಅಪಾಯಕ್ಕೆ ಒಡ್ಡಿಕೊಳ್ಳುವವನು ಎಂಬುದು ಇದರ ತಾತ್ಪರ್ಯ.

ವ್ಯವಹಾರದಲ್ಲಿ ಇದರ ಉಪಯೋಗವೇನು? ಬಾಕಿ ವಸೂಲಿಯನ್ನೇ ನೋಡಬಹುದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಹಣಕ್ಕೆ 45 ದಿನಗಳಿಗಿಂತ ಹೆಚ್ಚಿನ ಗಡುವನ್ನು ಒಪ್ಪಂದದಲ್ಲಿಯೂ ಇಡುವಂತಿಲ್ಲ. ತಪ್ಪಿದರೆ ಬಡ್ಡಿ ತೆರಬೇಕು. ಆದರೆ ದೊಡ್ಡ ಗ್ರಾಹಕನು ಹಣ ತಡೆಹಿಡಿದಾಗ ಸಿಟ್ಟಿನಿಂದ ಸಂಬಂಧ ಕಡಿದುಕೊಳ್ಳದೆ, ಸಂಕೋಚದಿಂದ ಸುಮ್ಮನಿರದೆ, ದೃಢವಾಗಿ ಕೇಳಿ ಪಡೆಯುವ ಬಗೆಯನ್ನು ಕಾಯಿದೆ ಕಲಿಸದು. ಪಾಲುದಾರರ ಮನಸ್ತಾಪ, ಕುಶಲ ಕಾರ್ಮಿಕನ ನಿರ್ಗಮನ, ಮೊದಲ ಆರ್ಡರ್ ರದ್ದಾಗುವಿಕೆ ಇವೂ ಇಂತಹ ಪರೀಕ್ಷೆಗಳೇ.

ಹಾಗೆಂದು ಇದನ್ನು ಸರ್ವರೋಗ ನಿವಾರಕವೆಂದು ಭಾವಿಸಲಾಗದು. ಮಾರುಕಟ್ಟೆಯಿಲ್ಲದ ಉತ್ಪನ್ನವನ್ನು ಸಂಯಮವೊಂದೇ ಉಳಿಸದು. ವಿದ್ಯಾರ್ಥಿಯು ತನಗೆ ತಾನೇ ಅಂಕ ಕೊಟ್ಟುಕೊಳ್ಳುವ ಪ್ರಶ್ನಾವಳಿಗಳು ಅವನ ಸಾಮರ್ಥ್ಯಕ್ಕಿಂತ ಅವನ ಸ್ವಾಭಿಪ್ರಾಯವನ್ನೇ ಅಳೆಯುವ ಸಂಭವವುಂಟು. ಉದ್ಯಮ ಸ್ಥಾಪಿಸುವ ಇಚ್ಛೆಯೂ ಸ್ಥಾಪನೆಯೂ ಒಂದೇ ಅಲ್ಲ.

ಆದ್ದರಿಂದ ಈ ಗುಣವನ್ನು ಉಪನ್ಯಾಸಕ್ಕೆ ಸೀಮಿತಗೊಳಿಸದೆ ಅನುಭವದಿಂದ ಬೆಳೆಸಬೇಕು. ಇಲ್ಲಿ ವಾಣಿಜ್ಯ ಸಂಸ್ಥೆಗಳ ಸದಸ್ಯರ ಪಾತ್ರ ಹಿರಿದು. ಯೋಜನಾ ವರದಿಗಾಗಿ ಬರುವ ವಿದ್ಯಾರ್ಥಿಗೆ ಯಂತ್ರಗಳನ್ನಷ್ಟೇ ತೋರಿಸದೆ, ಗ್ರಾಹಕರ ದೂರು ಆಲಿಸುವ, ಬಾಕಿ ಕೇಳುವ, ದರ ಚೌಕಾಸಿ ಮಾಡುವ ಸಂದರ್ಭಗಳಲ್ಲಿ ಜೊತೆಗಿರಿಸಿಕೊಳ್ಳಬೇಕು. ತಮ್ಮ ಗೆಲುವಿನೊಂದಿಗೆ ಮುಚ್ಚಿಹೋದ ಘಟಕದ ಕಥೆಯನ್ನೂ ಹಿರಿಯ ಉದ್ಯಮಿಗಳು ಹೇಳಬೇಕು. ಸೋಲು ಕಲಂಕವಲ್ಲವೆಂಬುದನ್ನು ಸೋತು ಎದ್ದವರಿಂದ ಕೇಳಿದಾಗ ಯುವಕರ ಅಳುಕು ಕಡಿಮೆಯಾದೀತು.