ಮೈಮೇಲಿನ ನೀಲಿ ಕಲೆ, ಮನಸ್ಸಿನೊಳಗಿನ ಅಳುಕು

ಕೆಲವು ತಿಂಗಳ ಹಿಂದೆ ಬೆಂಗಳೂರಿನ ನನ್ನ ಕ್ಲಿನಿಕ್ಕಿಗೆ ತಾಯಿಯೊಬ್ಬರು ಇಪ್ಪತ್ತೇಳು ವರ್ಷದ ಮಗಳನ್ನು ಕರೆದುಕೊಂಡು ಬಂದರು. ಮಗಳಿಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. "ಡಾಕ್ಟರೇ, ಇವಳ ಕೈಕಾಲೆಲ್ಲಾ ನೀಲಿಗಟ್ಟಿದೆ. ಕೇಳಿದರೆ ಒಂದು ದಿನ ಮಂಚ ತಗುಲಿತು ಅಂತಾಳೆ, ಇನ್ನೊಂದು ದಿನ ಬಸ್ಸಿನ ಸೀಟು ತಗುಲಿತು ಅಂತಾಳೆ. ರಕ್ತದ ಕಾಯಿಲೆ ಏನಾದರೂ ಇರಬಹುದಾ?" ಎಂದು ಕೇಳುವಾಗ ತಾಯಿಯ ದನಿ ನಡುಗುತ್ತಿತ್ತು.

ಇಂಥ ಕಲೆಗಳನ್ನು ನೋಡಿದಾಗ ವೈದ್ಯರ ಮನಸ್ಸಿಗೆ ಬರುವುದು ಮೂರು ಸಂಗತಿ. ಒಂದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳು ಕಡಿಮೆಯಾಗಿರಬಹುದು. ಎರಡು, ಸೇವಿಸುತ್ತಿರುವ ಯಾವುದೋ ಮಾತ್ರೆಯ ಪರಿಣಾಮವಿರಬಹುದು. ಮೂರು, ಯಾರಾದರೂ ಹೊಡೆಯುತ್ತಿರಬಹುದು. ಈ ಮೂರನೆಯದನ್ನು ಬೇರೆಯವರ ಎದುರು ಕೇಳಬಾರದು. ಆದ್ದರಿಂದ ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದೆ.

ಹುಡುಗಿ ತಲೆತಗ್ಗಿಸಿ ಹೇಳಿದಳು: "ಯಾರೂ ಹೊಡೆದಿಲ್ಲ ಸಾರ್. ವಾರಕ್ಕೆ ಎರಡು ದಿನ ಪೋಲ್ ಡಾನ್ಸ್ ಕ್ಲಾಸಿಗೆ ಹೋಗ್ತೀನಿ. ಮನೆಯಲ್ಲಿ ಜಿಮ್ ಅಂತ ಹೇಳಿದ್ದೀನಿ. ನಾನು ಚರ್ಚಿನ ಗಾಯನ ವೃಂದದಲ್ಲಿ ಹಾಡೋಳು. ಭಾನುವಾರ ಪ್ರಭುಭೋಜನಕ್ಕೆ ಕೈ ಚಾಚುವಾಗ ಕಳ್ಳಿ ಅನ್ನಿಸುತ್ತೆ."

ಪ್ಲೇಟ್‌ಲೆಟ್ ಎಣಿಕೆ ಮಾಡಿಸಿದೆ. ಎರಡೂವರೆ ಲಕ್ಷಕ್ಕೂ ಹೆಚ್ಚಿತ್ತು. ಒಂದೂವರೆಯಿಂದ ನಾಲ್ಕು ಲಕ್ಷದವರೆಗೆ ಸಹಜ. ದೇಹಕ್ಕೆ ಕಾಯಿಲೆ ಇರಲಿಲ್ಲ. ನೋವಿದ್ದುದು ಬೇರೆ ಕಡೆ.

ಕಂಬದ ಕಸರತ್ತು

ಸುಮಾರು 45 ಮಿಲಿಮೀಟರ್ ದಪ್ಪದ ನೆಟ್ಟನೆಯ ಲೋಹದ ಕಂಬವನ್ನು ಕೈ, ತೊಡೆ, ಮೊಣಕಾಲ ಹಿಂಭಾಗಗಳಿಂದ ಹಿಡಿದು ಹತ್ತುವುದು, ತಿರುಗುವುದು, ತಲೆಕೆಳಗಾಗಿ ನಿಲ್ಲುವುದು ಈ ವ್ಯಾಯಾಮ. ಮೈಭಾರವನ್ನೆಲ್ಲ ಚರ್ಮದ ಒಂದು ಸಣ್ಣ ಭಾಗ ಹೊರಬೇಕಾಗುತ್ತದೆ. ಅಲ್ಲಿ ಚರ್ಮದಡಿಯ ಸೂಕ್ಷ್ಮ ರಕ್ತನಾಳಗಳು ಒಡೆದು ನೀಲಿ ಕಲೆ ಮೂಡುತ್ತದೆ. ಅದು ಹಸಿರು, ಹಳದಿಗೆ ತಿರುಗಿ ಸಾಮಾನ್ಯವಾಗಿ ಎರಡು ವಾರದಲ್ಲಿ ಮಾಯವಾಗುತ್ತದೆ. ಗಿಡ್ಡ ಉಡುಪಿಗೂ ಕಾರಣ ಇದೇ. ಬಟ್ಟೆ ನುಣುಪಾದ ಲೋಹದ ಮೇಲೆ ಜಾರುತ್ತದೆ, ಬರಿಯ ಚರ್ಮ ಹಿಡಿದುಕೊಳ್ಳುತ್ತದೆ.

ಆದರೆ ತಾಯಂದಿರ ಆತಂಕ ಬರಿಯ ಭ್ರಮೆಯಲ್ಲ. ಈಗಿನ ಪೋಲ್ ಡಾನ್ಸ್ ಹೆಸರಾದದ್ದು ಕಳೆದ ಶತಮಾನದ ಕೊನೆಯ ಭಾಗದಲ್ಲಿ, ಉತ್ತರ ಅಮೆರಿಕದ ಕ್ಲಬ್ಬುಗಳಲ್ಲಿ. ಬಟ್ಟೆ ಕಳಚುತ್ತಾ ಕುಣಿಯುವ ಜಾಗಗಳವು. ನಂತರ ಅದು ವ್ಯಾಯಾಮ ಶಾಲೆಗಳಿಗೆ ಬಂತು. 2017ರಲ್ಲಿ ಜಾಗತಿಕ ಕ್ರೀಡಾ ಒಕ್ಕೂಟಗಳ ಸಂಘವು ಪೋಲ್ ಸ್ಪೋರ್ಟ್ಸ್ ಒಕ್ಕೂಟಕ್ಕೆ ವೀಕ್ಷಕ ಸ್ಥಾನ ನೀಡಿತು. 2011ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹ್ಯೂಸ್ಟನ್ ಸಮೀಪದ ಒಂದು ಸ್ಟುಡಿಯೋ ಕ್ರೈಸ್ತ ಗೀತೆಗಳನ್ನು ಹಾಕಿ ಚರ್ಚಿಗೆ ಹೋಗುವ ಮಹಿಳೆಯರಿಗೆಂದೇ ಈ ತರಗತಿ ನಡೆಸಿದಾಗ ಮೆಚ್ಚಿದವರೂ ಇದ್ದರು, ಸಿಡಿದೆದ್ದವರೂ ಇದ್ದರು.

ಕಂಬವೇನೂ ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ 12ನೆಯ ಶತಮಾನದ 'ಮಾನಸೋಲ್ಲಾಸ'ದಲ್ಲೇ ಮಲ್ಲಕಂಬದ ಪ್ರಸ್ತಾಪವಿದೆ. ಚಡ್ಡಿ ತೊಟ್ಟು ಮರದ ಕಂಬ ಹತ್ತುವ ಹುಡುಗನನ್ನು ನೋಡಿ ಯಾರೂ ಮುಖ ತಿರುಗಿಸುವುದಿಲ್ಲ. ಹಾಗಾದರೆ ತೊಡಕಿರುವುದು ಕಂಬದಲ್ಲಲ್ಲ. ಯಾರೆದುರು, ಯಾವ ಉದ್ದೇಶಕ್ಕೆ ಎಂಬುದರಲ್ಲಿ.

ಅಯ್ಯನವರ ಬಳಿ

ನಾನು ವೈದ್ಯ, ಧರ್ಮಬೋಧಕನಲ್ಲ. ತಾಯಿಗೆ "ರಕ್ತದ ಕಾಯಿಲೆ ಇಲ್ಲ, ಯಾರೂ ಹೊಡೆಯುತ್ತಲೂ ಇಲ್ಲ, ಉಳಿದದ್ದನ್ನು ಮಗಳೇ ಹೇಳುತ್ತಾಳೆ" ಎಂದಷ್ಟೇ ತಿಳಿಸಿದೆ. ವಯಸ್ಕ ರೋಗಿಯ ಗುಟ್ಟನ್ನು ಹೆತ್ತವರಿಗಾದರೂ ಹೇಳುವ ಅಧಿಕಾರ ನಮಗಿಲ್ಲ. ಆ ರಾತ್ರಿಯೇ ಅವಳು ಹೇಳಿದಳಂತೆ. ತಾಯಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಇಬ್ಬರೂ ತಮ್ಮ ಸಭಾಪಾಲಕರಾದ ಅಯ್ಯನವರ ಬಳಿಗೆ ಹೋದರು.

ಆ ಹಿರಿಯರು ಸತ್ಯವೇದದ ಮೂರು ಪ್ರಸಂಗ ನೆನಪಿಸಿದರಂತೆ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಪೌಲನು ದೇಹವನ್ನು ಪವಿತ್ರಾತ್ಮನ ಆಲಯಕ್ಕೆ ಹೋಲಿಸುತ್ತಾನೆ. ಆಲಯವನ್ನು ಸುಸ್ಥಿತಿಯಲ್ಲಿಡುವುದೂ ಕರ್ತವ್ಯ, ಅಪವಿತ್ರಗೊಳಿಸದಿರುವುದೂ ಕರ್ತವ್ಯ. ದಾವೀದ ಅರಸನು ಮಂಜೂಷದ ಮುಂದೆ ಮೈಮರೆತು ಕುಣಿದಾಗ ಹೆಂಡತಿ ಮೀಕಲಳು ಹೀಯಾಳಿಸಿದಳು. ತಾನು ಕುಣಿದದ್ದು ದೇವರೆದುರು ಎಂಬುದು ಅವನ ಉತ್ತರ. ವಿಗ್ರಹಕ್ಕೆ ಅರ್ಪಿಸಿದ ಪದಾರ್ಥವನ್ನು ತಿನ್ನುವ ವಿಚಾರದಲ್ಲಿ ಪೌಲನು, ತನಗೆ ತಪ್ಪೆನಿಸದಿದ್ದರೂ ಇನ್ನೊಬ್ಬರ ನಂಬಿಕೆಗೆ ಎಡವುಗಲ್ಲಾದರೆ ಬಿಟ್ಟುಬಿಡುವೆ ಎನ್ನುತ್ತಾನೆ.

ಮಾಡು ಎಂದಾಗಲಿ ಬೇಡ ಎಂದಾಗಲಿ ಅಯ್ಯನವರು ಹೇಳಲಿಲ್ಲ. "ಇದರಲ್ಲಿ ನಿಮ್ಮಮ್ಮನ ಎದುರು ಮಾಡಲಾಗದ್ದು ಯಾವುದಿದೆಯೋ ಅದನ್ನು ಬಿಡು. ಸುಳ್ಳನ್ನಂತೂ ಇವತ್ತೇ ಬಿಡು" ಎಂದರಂತೆ.

ತಾಯಿ ಒಂದು ಸಂಜೆ ತರಗತಿಗೇ ಹೋಗಿ ಕೂತು ನೋಡಿದರು. ಅಲ್ಲಿದ್ದವರು ಹತ್ತು ಮಂದಿ ಹೆಂಗಸರು. ಬೆವರು, ಏದುಸಿರು, ಬಿದ್ದು ಎದ್ದು ನಗು. ಮಗಳು ವೇದಿಕೆ ಪ್ರದರ್ಶನ, ಇನ್‌ಸ್ಟಾಗ್ರಾಮ್ ಚಿತ್ರಗಳು ಬೇಡವೆಂದು ತಾನೇ ನಿರ್ಧರಿಸಿದಳು. ಸಿಲಿಕೋನ್ ಲೇಪದ ಕಂಬದಲ್ಲಿ ಮೈತುಂಬ ಬಟ್ಟೆ ತೊಟ್ಟೇ ಅಭ್ಯಾಸ ಮಾಡಬಹುದು; ಈಗ ಅದನ್ನೇ ಬಳಸುತ್ತಾಳೆ. ತಾಯಿಗೆ 'ಡಾನ್ಸ್' ಎಂಬ ಹೆಸರು ಇಂದಿಗೂ ಒಗ್ಗಿಲ್ಲ. ಆದರೆ ಕ್ಲಾಸಿನ ದಿನ ಫ್ರಿಜ್ಜಿನಲ್ಲಿ ಐಸ್ ತುಂಬಿಡುವವರು ಅವರೇ.

ಕಲಿಯುವವರು ಗಮನಿಸಬೇಕಾದ್ದು

* ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಕಂಬದ ಅಭ್ಯಾಸ ಎರಡನೆಯದಕ್ಕೆ ಸಲ್ಲುತ್ತದೆ, ನಡಿಗೆಯನ್ನು ಬಿಡಬೇಡಿ.
* ಮೊದಲ ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಹೆಚ್ಚಾಗಿ ಪೆಟ್ಟಾಗುವುದು ಭುಜ ಮತ್ತು ಮಣಿಕಟ್ಟಿಗೆ. ಎರಡೂ ಬದಿ ಸಮನಾಗಿ ಅಭ್ಯಾಸ ಮಾಡಿ.
* ಕ್ಲಾಸಿನ ದಿನ ಮೈಗೆ ಎಣ್ಣೆ, ಕ್ರೀಮು ಹಚ್ಚಬೇಡಿ, ಕೈ ಜಾರುತ್ತದೆ. ಕೆಳಗೆ ದಪ್ಪ ಮ್ಯಾಟ್, ಪಕ್ಕದಲ್ಲಿ ಶಿಕ್ಷಕಿ ಇರಲೇಬೇಕು.
* ಹತೋಟಿಯಲ್ಲಿಲ್ಲದ ರಕ್ತದೊತ್ತಡ, ಗ್ಲಾಕೋಮಾ, ಅಕ್ಷಿಪಟಲದ ತೊಂದರೆ ಇರುವವರು ತಲೆಕೆಳಗಾಗಬಾರದು. ಗರ್ಭಿಣಿಯರು ವೈದ್ಯರನ್ನು ಕೇಳದೆ ಕಂಬ ಮುಟ್ಟಬಾರದು.
* ಪೆಟ್ಟಾದ ಜಾಗಕ್ಕೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಡಿ. ತಿಕ್ಕಬೇಡಿ.
* ಕಂಬ ತಾಕದ ಜಾಗದಲ್ಲೂ ಕಲೆ, ವಸಡು ಅಥವಾ ಮೂಗಿನಲ್ಲಿ ರಕ್ತ, ಮುಟ್ಟಿನಲ್ಲಿ ವಿಪರೀತ ಸ್ರಾವ, ಸೂಜಿಮೊನೆಯಂಥ ಕೆಂಪು ಚುಕ್ಕೆ, ಜೊತೆಗೆ ಜ್ವರ - ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ರಕ್ತಪರೀಕ್ಷೆ ಮಾಡಿಸಿ.

ಈ ಹುಡುಗಿಯ ಕಲೆಗಳು ಎರಡು ವಾರದಲ್ಲಿ ಮಾಯವಾಗುವಂಥವು. ಅವನ್ನು ಮುಚ್ಚಲು ಹೇಳಿದ ಸುಳ್ಳು ಮಾತ್ರ ಏಳೆಂಟು ತಿಂಗಳು ತಾಯಿ-ಮಗಳಿಬ್ಬರ ನಿದ್ದೆ ಕೆಡಿಸಿತ್ತು. ಮಕ್ಕಳ ಮೈಮೇಲೆ ಕಲೆ ಕಂಡಾಗ ಗದರದೆ ಕೇಳಿ. ಕೇಳಿದಾಗ, ಮಕ್ಕಳೇ, ಮಂಚದ ಮೇಲೆ ತಪ್ಪು ಹೊರಿಸದೆ ಹೇಳಿಬಿಡಿ.