ಧ್ವನಿ ಉಳಿಯಬೇಕಾದರೆ: ಕಂಪ್ಯೂಟರಿಗೆ ಸೌಂಡ್ ಕಾರ್ಡು ಕೊಳ್ಳುವ ಮೊದಲು

ಹಳೆಯ ಮನೆಗಳ ಅಟ್ಟವನ್ನೋ ಗೋಡೆಯ ಕಪಾಟನ್ನೋ ತಡಕಿದರೆ ಕ್ಯಾಸೆಟ್ಟುಗಳು ತುಂಬಿದ ಒಂದು ರಟ್ಟಿನ ಪೆಟ್ಟಿಗೆ ಸಿಗದ ಮನೆ ನಮ್ಮ ಕಡೆ ಅಪರೂಪವೆಂದೇ ಹೇಳಬೇಕು. ಗಲ್ಫಿಗೆ ಹೋದ ನೆಂಟರೋ ನೆರೆಯವರೋ ತಂದ ಟೇಪ್ ರೆಕಾರ್ಡರು ಒಂದು ಕಾಲದಲ್ಲಿ ಚಾವಡಿಯ ಗೌರವದ ವಸ್ತುವಾಗಿತ್ತು. ಅದರ ಮುಂದೆ ಕುಳಿತು ಅಜ್ಜಿ ಹಾಡಿದ ಶೋಭಾನೆ, ಊರ ದೇವಸ್ಥಾನದಲ್ಲಿ ರಾತ್ರಿಯಿಡೀ ನಡೆದ ತಾಳಮದ್ದಳೆ, ಮಗುವಿನ ತೊದಲು ಮಾತು ಎಲ್ಲವೂ ಆ ಕಂದು ಬಣ್ಣದ ಪಟ್ಟಿಯ ಮೇಲಿವೆ. ಅಚ್ಚಾಗದೆ ಹೋದ, ಬೇರೆಲ್ಲಿಯೂ ದಾಖಲಾಗದ ಈ ಗಡಿನಾಡಿನ ಕನ್ನಡ ಆ ಪೆಟ್ಟಿಗೆಗಳಲ್ಲಿದೆ.

ಅದನ್ನು ಕಂಪ್ಯೂಟರಿಗೆ ಇಳಿಸಿ ಉಳಿಸಿಕೊಳ್ಳಬೇಕೆಂದು ಈಚೆಗೆ ಹಲವರು ಹೊರಟಿದ್ದಾರೆ. ಹಾಗೆ ಹೊರಟವರಲ್ಲಿ ನಾವೂ ಒಬ್ಬರು. ನಮಗಾದ ನಷ್ಟ ಬೇರೆಯವರಿಗೆ ಆಗದಿರಲೆಂಬುದೇ ಈ ಬರಹದ ಉದ್ದೇಶ.

ನಮ್ಮ ದೊಡ್ಡಪ್ಪ ಹೆಸರಾಂತ ಅರ್ಥಧಾರಿಗಳೇನೂ ಆಗಿರಲಿಲ್ಲ. ಹಗಲು ಅಡಿಕೆ ತೋಟ, ರಾತ್ರಿ ಎಲ್ಲಿಯಾದರೂ ಕೂಟವಿದ್ದರೆ ಅಲ್ಲಿಗೆ. ಅವರು ವಾಲಿಯ ಅರ್ಥ ಹೇಳಿದ, ತೊಂಬತ್ತು ನಿಮಿಷದ ಒಂದೇ ಒಂದು ಕ್ಯಾಸೆಟ್ಟು ನಮ್ಮಲ್ಲಿ ಉಳಿದಿತ್ತು. ನಮ್ಮ ಲ್ಯಾಪ್‌ಟಾಪಿನಲ್ಲಿ ಇದ್ದುದು ಒಂದೇ ತೂತು. ಇಯರ್‌ಫೋನಿಗೂ ಮೈಕಿಗೂ ಅದೇ. ಪೇಟೆಯ ಅಂಗಡಿಯಲ್ಲಿ ವಿಚಾರಿಸಿದಾಗ ಹೆಬ್ಬೆರಳು ಗಾತ್ರದ ಒಂದು ಸಾಧನವನ್ನು ಕೈಗಿತ್ತರು. ಒಂದು ಹಸುರು ತೂತು, ಒಂದು ಗುಲಾಬಿ ತೂತು, ಬೆಲೆ ಕೆಲವೇ ನೂರು ರೂಪಾಯಿ. ‘ಇದು ಧಾರಾಳ ಸಾಕು ಮಾಸ್ಟ್ರೇ’ ಎಂದರು. ನಾವೂ ಹೆಚ್ಚು ಕೇಳಲಿಲ್ಲ.

ಟೇಪ್ ರೆಕಾರ್ಡರಿನಿಂದ ತಂತಿ ಎಳೆದು ಗುಲಾಬಿ ತೂತಿಗೆ ಸಿಕ್ಕಿಸಿದೆವು. ಪರದೆಯ ಮೇಲೆ ಧ್ವನಿಯ ಗೆರೆ ಮೇಲಿನಿಂದ ಕೆಳಗಿನವರೆಗೆ ಗೋಡೆ ಕಟ್ಟಿದಂತೆ ತುಂಬಿಕೊಂಡಿತು. ಚೆನ್ನಾಗಿ ಬರುತ್ತಿದೆಯೆಂದು ಹಿಗ್ಗಿದೆವೇ ಹೊರತು ಕಿವಿಗೊಟ್ಟು ಕೇಳಲಿಲ್ಲ. ಎರಡೂ ಬದಿ ಮುಗಿದ ಮೇಲೆ ಟೇಪನ್ನು ಹಿಂದಕ್ಕೆ ಸುತ್ತುವಾಗ ಹಳೆಯ ಯಂತ್ರ ಅದನ್ನು ನುಂಗಿತು. ಬಿಡಿಸಿ ತೆಗೆಯುವಷ್ಟರಲ್ಲಿ ಎಂಟು ಮೀಟರಿಗೂ ಮಿಕ್ಕಿದ ಪಟ್ಟಿ ಮುದ್ದೆಯಾಗಿ, ಎರಡು ಕಡೆ ತುಂಡಾಗಿತ್ತು. ಕ್ಯಾಸೆಟ್ಟಿನ ಪಟ್ಟಿ ಸೆಕೆಂಡಿಗೆ 4.76 ಸೆಂಟಿಮೀಟರು ಓಡುತ್ತದೆ. ಲೆಕ್ಕ ಹಾಕಿದರೆ ಅದು ಮೂರು ನಿಮಿಷದ ಮಾತು. ಪಟ್ಟಿಯ ಮೇಲೆ ಎರಡೂ ಬದಿಗಳು ಜೊತೆಯಾಗಿ ಇರುವುದರಿಂದ ಹೋದದ್ದು ಒಟ್ಟು ಆರು ನಿಮಿಷ. ಆಮೇಲೆ ಕಂಪ್ಯೂಟರಿನಲ್ಲಿ ಇಳಿಸಿದ್ದನ್ನು ಕೇಳಿದರೆ, ದೊಡ್ಡಪ್ಪ ಧ್ವನಿ ಏರಿಸಿದಲ್ಲೆಲ್ಲ ಹರಕು ಧ್ವನಿವರ್ಧಕದಂತೆ ಗರಗರ ಸದ್ದು.

ತಪ್ಪು ಎಲ್ಲಿತ್ತು?

ಕಾರ್ಡಿನ ಕೆಲಸವೇನು?

ಕಂಪ್ಯೂಟರಿಗೆ ಗೊತ್ತಿರುವುದು ಅಂಕಿಗಳು ಮಾತ್ರ. ಧ್ವನಿಯಾದರೋ ಏರಿಳಿಯುವ ಅಲೆ. ಹೊರಗಿನಿಂದ ಬಂದ ಅಲೆಯನ್ನು ಅಳೆದಳೆದು ಅಂಕಿ ಮಾಡುವುದು, ಒಳಗಿರುವ ಅಂಕಿಯನ್ನು ಮತ್ತೆ ಅಲೆ ಮಾಡಿ ಸ್ಪೀಕರಿಗೆ ಕಳುಹಿಸುವುದು, ಈ ಎರಡೇ ಸೌಂಡ್ ಕಾರ್ಡಿನ ಕೆಲಸ. 1981ರಲ್ಲಿ ಐಬಿಎಂ ಕಂಪನಿಯ ಪಿ.ಸಿ. ಬಂದಾಗ ಅದಕ್ಕೆ ‘ಬೀಪ್’ ಎನ್ನುವುದಕ್ಕಿಂತ ಹೆಚ್ಚಿನ ಕಂಠವಿರಲಿಲ್ಲ. 1989ರಲ್ಲಿ ಸಿಂಗಾಪುರದ ಕ್ರಿಯೇಟಿವ್ ಸಂಸ್ಥೆ ‘ಸೌಂಡ್ ಬ್ಲಾಸ್ಟರ್’ ಎಂಬ ಕಾರ್ಡನ್ನು ತಂದ ಮೇಲೆ ಮನೆಯ ಕಂಪ್ಯೂಟರು ಮಾತನಾಡಲು, ಹಾಡಲು ತೊಡಗಿತು. ಕಾಲಕ್ರಮದಲ್ಲಿ ಅದೇ ಕೆಲಸ ಮಾಡುವ ಪುಟ್ಟ ಚಿಪ್ಪು ಕಂಪ್ಯೂಟರಿನ ಮುಖ್ಯ ಹಲಗೆಯ ಮೇಲೆಯೇ ಬಂದು ಕುಳಿತಿತು. ಹೀಗಾಗಿ ಇಂದು ಸೌಂಡ್ ಕಾರ್ಡಿನ ಸೌಕರ್ಯವಿಲ್ಲದ ಕಂಪ್ಯೂಟರು ಇಲ್ಲವೆಂದರೂ ಸಲ್ಲುತ್ತದೆ.

ಹಾಗಿದ್ದ ಮೇಲೆ ಹೊರಗಿನದೊಂದು ಏಕೆ? ಕಾರಣ ಎರಡು. ಒಳಗಿನ ಚಿಪ್ಪು ಪ್ರೊಸೆಸರು, ಫ್ಯಾನು ಮೊದಲಾದ ವಿದ್ಯುತ್ ಗದ್ದಲದ ನಡುವೆ ಇರುವುದರಿಂದ ಆ ಗದ್ದಲ ಕೆಲವೊಮ್ಮೆ ಧ್ವನಿಯೊಂದಿಗೆ ಬೆರೆಯುತ್ತದೆ. ಎರಡನೆಯದಾಗಿ, ಇಂದಿನ ಲ್ಯಾಪ್‌ಟಾಪುಗಳಲ್ಲಿ ಟೇಪ್ ರೆಕಾರ್ಡರಿನಂಥ ಯಂತ್ರದಿಂದ ಧ್ವನಿ ತೆಗೆದುಕೊಳ್ಳುವ ‘ಲೈನ್ ಇನ್’ ಎಂಬ ದಾರಿಯೇ ಸಾಮಾನ್ಯವಾಗಿ ಇಲ್ಲ.

ಮೊದಲು ಬೇಕೇ ಎಂದು ನೋಡಿ

ಕೇಳುವುದಕ್ಕಾಗಿ ಮಾತ್ರ ಕಾರ್ಡು ಬೇಕೆನ್ನುವವರು ಹಣ ಬಿಚ್ಚುವ ಮೊದಲು ಮೂರು ಪರೀಕ್ಷೆ ಮಾಡುವುದು ಒಳ್ಳೆಯದು.

ಒಳ್ಳೆಯ ಹೆಡ್‌ಫೋನೊಂದನ್ನು ಯಾರಿಂದಲಾದರೂ ಎರವಲು ತಂದು ಈಗಿರುವ ತೂತಿಗೇ ಸಿಕ್ಕಿಸಿ ಕೇಳಿ. ಹಾಡು ಇಂಪಾಗಿ ಕೇಳಿದರೆ ದೋಷವಿದ್ದುದು ಲ್ಯಾಪ್‌ಟಾಪಿನ ಪುಟಾಣಿ ಸ್ಪೀಕರಿನಲ್ಲಿ. ಆಗ ಒಳ್ಳೆಯ ಸ್ಪೀಕರನ್ನೋ ಹೆಡ್‌ಫೋನನ್ನೋ ಕೊಂಡರೆ ಸಾಕು.

ಹಿಂದಿನಿಂದ ‘ಗುಂಯ್’ ಎಂಬ ಸದ್ದು ಬರುತ್ತಿದ್ದರೆ ಚಾರ್ಜರನ್ನು ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಸದ್ದು ನಿಂತರೆ ಅದು ನಮ್ಮ 50 ಸೈಕಲ್ಲಿನ ಕರೆಂಟಿನ ಉಪದ್ರವ. ಚಾರ್ಜರನ್ನೋ ಮನೆಯ ಅರ್ತಿಂಗನ್ನೋ ನೋಡಿಸಬೇಕು. ಸದ್ದು ಹೋಗಲೆಂದು ಮೂರು ಕಾಲಿನ ಪ್ಲಗ್ಗಿನ ಅರ್ತ್ ಕಾಲನ್ನು ಕತ್ತರಿಸುವವರಿದ್ದಾರೆ. ಅದು ಪ್ರಾಣಕ್ಕೇ ಅಪಾಯ. ಬ್ಯಾಟರಿಯಲ್ಲಿ ನಡೆಸಿದರೂ ಮೌಸ್ ಅಲುಗಿಸಿದಾಗಲೆಲ್ಲ ಕಿರಿಕಿರಿ ಕೇಳುತ್ತಿದ್ದರೆ ಅದು ಒಳಗಿನ ಗದ್ದಲವೇ. ಅಂಥಲ್ಲಿ ಹೊರಗಿನ ಕಾರ್ಡಿನಿಂದ ಪ್ರಯೋಜನವುಂಟು.

ಮೂರನೆಯದು, ನಿಮ್ಮದು ಬ್ಲೂಟೂತ್ ಹೆಡ್‌ಫೋನೋ ಯುಎಸ್‌ಬಿ ತಂತಿಯ ಹೆಡ್‌ಫೋನೋ ಎಂದು ನೋಡಿಕೊಳ್ಳಿ. ಅಂಥವುಗಳ ಹೊಟ್ಟೆಯಲ್ಲಿಯೇ ಅಂಕಿಯನ್ನು ಅಲೆ ಮಾಡುವ ಚಿಪ್ಪಿದೆ. ಅದಕ್ಕೆ ಮತ್ತೊಂದು ಕಾರ್ಡು ತರುವುದು ಕೈಯಲ್ಲಿ ಬೆಣ್ಣೆ ಹಿಡಿದು ತುಪ್ಪಕ್ಕೆ ಊರು ಸುತ್ತಿದಂತೆ.

ಅಂಕಿಗಳ ಮರುಳು

ಡಬ್ಬಿಯ ಮೇಲೆ ‘24 ಬಿಟ್, 192 ಕಿಲೋಹರ್ಟ್ಸ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಇದರ ಅರ್ಥ ತಿಳಿದರೆ ಮರುಳಾಗುವ ಭಯವಿಲ್ಲ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್, ಅಂದರೆ 65,536 ಮೆಟ್ಟಿಲುಗಳ ಏಣಿಯಲ್ಲಿ ಗುರುತಿಸುತ್ತಾರೆ. ಒಂದು ಧ್ವನಿಯನ್ನು ಹಿಡಿಯಲು ಅದರ ಕಂಪನದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಸಾಕೆಂಬುದು ಸಿದ್ಧವಾದ ಗಣಿತ. ಎಳೆಯರ ಕಿವಿಗೂ 20,000 ಕಂಪನದಾಚೆಗಿನದು ಕೇಳಿಸದು. ನಲವತ್ತು ದಾಟಿದ ನಮ್ಮಂಥವರ ಪಾಡಂತೂ ಇನ್ನೂ ಕಡಿಮೆ. ಆದುದರಿಂದ ಕೇಳುವುದಕ್ಕೆ ಸಿ.ಡಿ.ಯ ಅಳತೆಯೇ ಧಾರಾಳ.

ಇನ್ನು ಬಿಟ್ಟಿನ ವಿಷಯ. ಒಂದೊಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್‌ನಂತೆ 16 ಬಿಟ್ಟಿಗೆ 96 ಡೆಸಿಬೆಲ್ ಅಂತರ ಸಿಗುತ್ತದೆ. ಸಾಧಾರಣ ಕ್ಯಾಸೆಟ್ಟಿನಲ್ಲಿ ಪಟ್ಟಿಯ ಸುಯ್ಯೆನ್ನುವ ಸದ್ದಿಗೂ ಅತಿ ದೊಡ್ಡ ಧ್ವನಿಗೂ ಇರುವ ಅಂತರ ಅದಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ ಹಳೆಯ ಕ್ಯಾಸೆಟ್ಟು ಇಳಿಸಲು 16 ಬಿಟ್ಟಿನ ಕಾರ್ಡು ಸಾಕು. ಅಜ್ಜಿಯನ್ನು ಎದುರಿಗೆ ಕೂರಿಸಿ ಹೊಸದಾಗಿ ಧ್ವನಿಮುದ್ರಿಸುವುದಾದರೆ ಮಾತ್ರ 24 ಬಿಟ್ ಅನುಕೂಲ. ಧ್ವನಿ ಯಾವಾಗ ಏರುವುದೋ ತಿಳಿಯದಾದ್ದರಿಂದ ಮಟ್ಟವನ್ನು ತಗ್ಗಿಸಿ ಇಟ್ಟುಕೊಂಡರೂ ಮಾತು ಸ್ಪಷ್ಟವಾಗಿ ಬರುತ್ತದೆ.

ತೂತು ನೋಡಿ ಕೊಳ್ಳಿ

ನಾವು ಎಡವಿದ್ದು ಇಲ್ಲಿಯೇ. ಮೈಕಿನಿಂದ ಬರುವ ವಿದ್ಯುತ್ತು ಕೆಲವೇ ಮಿಲಿವೋಲ್ಟು. ಆದುದರಿಂದ ಮೈಕಿನ ತೂತಿನ ಹಿಂದೆ ಅದನ್ನು ನೂರಾರು ಪಟ್ಟು ಹಿಗ್ಗಿಸುವ ಏರ್ಪಾಡಿರುತ್ತದೆ. ಟೇಪ್ ರೆಕಾರ್ಡರಿನ ಲೈನ್ ಔಟಿನಿಂದ ಬರುವುದಾದರೋ ಸುಮಾರು 0.3 ವೋಲ್ಟು. ಅದನ್ನು ಮೈಕಿನ ತೂತಿಗೆ ಕೊಡುವುದೆಂದರೆ ತಂಬಿಗೆಯ ಬಾಯಿಗೆ ಪಂಪಿನ ನೀರು ಬಿಟ್ಟಂತೆ. ಏಣಿಯ ಕೊನೆಯ ಮೆಟ್ಟಿಲನ್ನು ದಾಟಿದ ಧ್ವನಿಯ ತಲೆ ಕತ್ತರಿಸಿ ಹೋಗುತ್ತದೆ. ಹಾಗೆ ಹೋದುದನ್ನು ಪೂರ್ತಿಯಾಗಿ ಮರಳಿ ತರುವ ತಂತ್ರಾಂಶ ಇಲ್ಲ. ಸಾಲದ್ದಕ್ಕೆ ಅಂಥ ಅಗ್ಗದ ಸಾಧನಗಳ ಗುಲಾಬಿ ತೂತು ಸಾಮಾನ್ಯವಾಗಿ ‘ಮೋನೋ’, ಅಂದರೆ ಎಡ ಬಲಗಳಲ್ಲಿ ಒಂದನ್ನೇ ತೆಗೆದುಕೊಳ್ಳುತ್ತದೆ.

ಅಗತ್ಯಕ್ಕೆ ತಕ್ಕಂತೆ ಮೂರು ಬಗೆ ಮಾಡಿಕೊಳ್ಳಬಹುದು. ಆನ್‌ಲೈನ್ ಪಾಠ ಕೇಳುವುದಕ್ಕೆ, ಕೆಟ್ಟುಹೋದ ತೂತಿಗೆ ಬದಲಾಗಿ, ಆ ಹೆಬ್ಬೆರಳು ಗಾತ್ರದ್ದೇ ಸಾಕು. ಅದರ ಕೆಲಸಕ್ಕೆ ಅದು ಕೆಟ್ಟದ್ದಲ್ಲ. ಕ್ಯಾಸೆಟ್ಟು ಇಳಿಸುವುದಕ್ಕೆ ಕೆಂಪು ಬಿಳಿ ತೂತುಗಳ ಸ್ಟೀರಿಯೋ ‘ಲೈನ್ ಇನ್’ ಇರುವುದೇ ಬೇಕು. ಬೆಹ್ರಿಂಗರ್ ಕಂಪನಿಯ ಯುಸಿಎ 202, ಯುಸಿಎ 222 ಎಂಬವು ಈ ಜಾತಿಯವು. 16 ಬಿಟ್, 48 ಕಿಲೋಹರ್ಟ್ಸಿನವು. ಮೂರನೆಯದು ಒಳ್ಳೆಯ ಮೈಕು ಇಟ್ಟು ಧ್ವನಿಮುದ್ರಣ ಮಾಡುವವರಿಗೆ. ಫೋಕಸ್‌ರೈಟ್ ಕಂಪನಿಯ ಸ್ಕಾರ್ಲೆಟ್ 2ಐ2 ಇದಕ್ಕೆ ಉದಾಹರಣೆ. ಮೂರು ಕಡ್ಡಿಯ ದೊಡ್ಡ ಮೈಕಿನ ತೂತು, ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟಿನ ಸೌಕರ್ಯ ಎಲ್ಲ ಅದರಲ್ಲಿವೆ. ಇದಕ್ಕೆ ಹಲವು ಸಾವಿರ ರೂಪಾಯಿ ಬೀಳುತ್ತದೆ. ಒಂದು ಮನೆಗಿಂತ ಒಂದು ಸಂಘವೋ ವಾಚನಾಲಯವೋ ಕೊಂಡು ಹತ್ತು ಮನೆಗೆ ಒದಗಿಸುವುದು ಮೇಲು.

ಇನ್ನೊಂದು ಮಾತು. ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ಇರುವುದು ಲಿನಕ್ಸ್ ಆಧಾರಿತ ಸ್ವತಂತ್ರ ತಂತ್ರಾಂಶ. ಕೆಲವು ಕಾರ್ಡುಗಳು ಜೊತೆಯಲ್ಲಿ ಬರುವ ಪ್ರತ್ಯೇಕ ಡ್ರೈವರು ಇಲ್ಲದೆ ನಡೆಯವು. ಆ ಡ್ರೈವರು ವಿಂಡೋಸಿಗೆ ಮಾತ್ರ ಇರುವುದುಂಟು. ‘ಕ್ಲಾಸ್ ಕಂಪ್ಲಯಂಟ್’ ಎಂದು ಬರೆದಿರುವ ಕಾರ್ಡು ಸಿಕ್ಕಿಸಿದೊಡನೆ ಎರಡರಲ್ಲಿಯೂ ನಡೆಯುತ್ತದೆ. ಶಾಲೆಯಲ್ಲಿಯೂ ಉಪಯೋಗಿಸಬೇಕೆನ್ನುವ ನಮ್ಮ ಸಹೋದ್ಯೋಗಿಗಳು ಇದನ್ನು ಕೇಳಿಯೇ ಕೊಳ್ಳಬೇಕು.

ತಂದ ಮೇಲೆ

ಟೇಪ್ ರೆಕಾರ್ಡರಿನಲ್ಲಿ ಲೈನ್ ಔಟ್ ಇಲ್ಲವಾದರೆ ಹೆಡ್‌ಫೋನಿನ ತೂತಿನಿಂದ ತೆಗೆಯಬಹುದು. ಧ್ವನಿಯ ತಿರುಗುಗುಂಡಿ ನಡುವಿನಲ್ಲಿರಲಿ. ಅಮೂಲ್ಯವಾದ ಕ್ಯಾಸೆಟ್ಟನ್ನು ಮೊದಲು ಹಾಕಬೇಡಿ. ಯಂತ್ರದ ತಲೆಯನ್ನು ಒರಸಿ, ಹೋದರೂ ಚಿಂತೆಯಿಲ್ಲದ ಒಂದು ಕ್ಯಾಸೆಟ್ಟನ್ನು ಪೂರ್ತಿ ಓಡಿಸಿ ನೋಡಿ. ಆಡಾಸಿಟಿ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆ ಸಾಕು. ತಾಳಮದ್ದಳೆಯಾದರೆ ಚೆಂಡೆ ಏರಿದ ಜಾಗವನ್ನು ಹುಡುಕಿ, ಅಲ್ಲಿಯೂ ಧ್ವನಿಯ ಮಟ್ಟ ಸೊನ್ನೆಯ ಗೆರೆಗಿಂತ 6 ಡೆಸಿಬೆಲ್ ಕೆಳಗಿರುವಂತೆ ಹೊಂದಿಸಿಕೊಳ್ಳಬೇಕು. ಐದು ನಿಮಿಷ ಇಳಿಸಿ, ನಿಲ್ಲಿಸಿ, ಕಿವಿಗೊಟ್ಟು ಕೇಳಿ, ಅನಂತರ ಮುಂದುವರಿಯಿರಿ. ಗೆರೆ ಕಂಡು ನಂಬಿದರೆ ನಮ್ಮ ಗತಿಯೇ.

ಇಳಿಸಿದ್ದನ್ನು ಮೊದಲು ‘ವೇವ್’ ರೂಪದಲ್ಲಿ ಇಡಬೇಕು. ಸಿ.ಡಿ.ಯ ಅಳತೆಯಲ್ಲಿ ಒಂದು ಗಂಟೆಗೆ ಸುಮಾರು 635 ಎಂ.ಬಿ. ಜಾಗ ಹಿಡಿಯುತ್ತದೆ, ಇಂದಿನ ದಿನಗಳಲ್ಲಿ ಅದೇನೂ ಹೆಚ್ಚಲ್ಲ. ನೆಂಟರಿಗೆ ಕಳುಹಿಸಲು ಅದರಿಂದ ಚಿಕ್ಕ ಎಂಪಿ3 ಪ್ರತಿ ಮಾಡಿಕೊಳ್ಳಬಹುದು. ಮೂಲ ಪ್ರತಿ ಎರಡು ಕಡೆ ಇರಲಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿರಲಿ. ಯಾರ ಧ್ವನಿ, ಯಾವ ಊರು, ಯಾವ ವರ್ಷ ಎಂಬುದನ್ನು ಗೊತ್ತಿರುವ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ.

ಆ ಮೂರು ನಿಮಿಷ

ತುಂಡಾದ ಪಟ್ಟಿಯ ಮುದ್ದೆಯಾದ ಭಾಗವನ್ನು ತೆಗೆದು, ಉಳಿದುದನ್ನು ಅಂಟಿಸಿಕೊಟ್ಟವರು ಹಳೆಯ ರೇಡಿಯೋ ರಿಪೇರಿಯವರೊಬ್ಬರು. ಸರಿಯಾದ ಕಾರ್ಡು ತಂದು ಮತ್ತೊಮ್ಮೆ ಇಳಿಸಿದೆವು. ಈ ಸಲ ದೊಡ್ಡಪ್ಪನ ಉಸಿರೂ ಕೇಳಿಸಿತು. ಮಾತಿನ ನಡುವೆ ಯಾರೋ ಎಲೆಯಡಿಕೆಯ ಹರಿವಾಣ ಸರಿಸಿದ ಸದ್ದೂ ಕೇಳಿಸಿತು. ಹೋದ ಭಾಗಗಳಿಗೆ ಆ ಮೊದಲಿನ ಹರಕು ಧ್ವನಿಯನ್ನೇ ತಂದು ತೇಪೆ ಹಾಕಿದ್ದೇವೆ. ಎರಡನೆಯ ಬದಿಯ ಆ ಮೂರು ನಿಮಿಷ, ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಜಾಗ. ಕೂಟದಲ್ಲಿ ಜನ ಕಾದು ಕುಳಿತು ಕೇಳುತ್ತಿದ್ದ ಮಾತೇ ಅದು.

ಮೊನ್ನೆ ದೊಡ್ಡಪ್ಪನ ಮೊಮ್ಮಗಳು ಕುಳಿತು ಎಲ್ಲವನ್ನೂ ಕೇಳಿದಳು. ‘ಅಜ್ಜನ ಸ್ವರ ಇಲ್ಲಿ ಯಾಕೆ ಒಡೆದಿದೆ? ಆಗ ಅವರಿಗೆ ಹುಷಾರಿರಲಿಲ್ಲವೇ?’ ಎಂದು ವಿಚಾರಿಸಿದಳು. ಅಜ್ಜನ ಸ್ವರ ಸರಿಯಾಗಿಯೇ ಇತ್ತು, ನಾವು ಸಿಕ್ಕಿಸಿದ ತೂತು ತಪ್ಪಿತ್ತು ಎಂದು ಒಪ್ಪಿಕೊಳ್ಳಬೇಕಾಯಿತು.

ಕ್ಯಾಸೆಟ್ಟುಗಳಿಗೆ ವಯಸ್ಸಾಗುತ್ತಿದೆ, ಅವನ್ನು ಓಡಿಸುವ ಯಂತ್ರಗಳಿಗೂ ಆಗುತ್ತಿದೆ. ಈ ರಜೆಯಲ್ಲಿ ಅಟ್ಟದ ಪೆಟ್ಟಿಗೆಯನ್ನೊಮ್ಮೆ ಕೆಳಗಿಳಿಸಿ ನೋಡಿ. ಅಂಗಡಿಗೆ ಹೋದಾಗ ಡಬ್ಬಿಯ ಮೇಲಿನ ದಪ್ಪಕ್ಷರವನ್ನು ಬಿಟ್ಟು, ‘ಇದರಲ್ಲಿ ಸ್ಟೀರಿಯೋ ಲೈನ್ ಇನ್ ಇದೆಯೇ?’ ಎಂಬ ಒಂದೇ ಪ್ರಶ್ನೆಯನ್ನು ಮೊದಲು ಕೇಳಿ.