ಕಲಿಯಲು ಬಂದವರಿಗೆ ನುರಿತವರ ಪರೀಕ್ಷೆ

ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದಲ್ಲಿ ಹತ್ತನೇ ತರಗತಿವರೆಗೂ ಕನ್ನಡದಲ್ಲೇ ಓದಿದ ಹುಡುಗಿ ಎಂಜಿನಿಯರಿಂಗ್ ಸೇರುವಾಗ, ಅವಳು ಎಲ್ಲಿಂದ ಬಂದಳೆಂಬುದನ್ನು ಸರ್ಕಾರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸಿಇಟಿ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು. ಮಧುಗಿರಿ, ಕೊರಟಗೆರೆ, ಪಾವಗಡದ ಹಳ್ಳಿಗಳ ಮಕ್ಕಳಿಗೂ ತುಮಕೂರು, ಬೆಂಗಳೂರಿನ ಕಾಲೇಜುಗಳಿಗೆ ಇದೇ ದಾರಿ. ಮುಂದೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪದವಿಗೆ ಇಂಟರ್ನ್‌ಶಿಪ್ ಕಡ್ಡಾಯ. ಅದಕ್ಕೆಂದು ಸಾಫ್ಟ್‌ವೇರ್ ಕಂಪನಿಯ ಸಂದರ್ಶನಕ್ಕೆ ಕೂತರೆ, ಪಳಗಿದ ಎಂಜಿನಿಯರುಗಳಿಗೆ ಕೇಳುವ ಪ್ರಶ್ನೆಗಳೇ ಎದುರಾಗುತ್ತವೆ. ಇಂಟರ್ನ್‌ಶಿಪ್ ಇರುವುದೇ ಕೆಲಸ ಕಲಿಯಲಿಕ್ಕೆ. ಕಲಿಯುವ ಶಕ್ತಿಯನ್ನು ನೋಡಬೇಕಾದ ಸಂದರ್ಶನ ಬೇರೇನನ್ನೋ ಅಳೆಯುತ್ತಿದೆ ಎಂಬುದೇ ನನ್ನ ತಕರಾರು.

ಏನದು? ಮೊದಲು ಆನ್‌ಲೈನ್ ಪರೀಕ್ಷೆ, ಆಮೇಲೆ ವಿಡಿಯೊ ಕರೆ. ಅಪರಿಚಿತರೊಬ್ಬರು ನೋಡುತ್ತಿರುವಾಗ ಕೋಡ್ ಬರೆಯಬೇಕು, ಬರೆಯುತ್ತಲೇ ತಲೆಯಲ್ಲಿ ಓಡುತ್ತಿರುವುದನ್ನು ಇಂಗ್ಲಿಷಿನಲ್ಲಿ ಹೇಳುತ್ತಿರಬೇಕು. ಇಂಥ ಪರೀಕ್ಷೆ ಏನು ಮಾಡುತ್ತದೆಂದು 2020ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 48 ವಿದ್ಯಾರ್ಥಿಗಳ ಮೇಲೆ ಪ್ರಯೋಗ ನಡೆಸಿ ನೋಡಿದರು. ಕೆಲವರು ಪರೀಕ್ಷಕರ ಎದುರು ವಿವರಿಸುತ್ತ ಬಿಡಿಸಿದರು. ಉಳಿದವರಿಗೆ ಅದೇ ಲೆಕ್ಕ ಕೊಟ್ಟು ಕೋಣೆಯಲ್ಲಿ ಒಬ್ಬರೇ ಬಿಡಿಸಲು ಬಿಟ್ಟರು. ಎದುರು ನಿಂತವರ ಸಾಧನೆ ಅರ್ಧಕ್ಕೂ ಕೆಳಗಿಳಿಯಿತು. ಎದುರು ನಿಂತ ಹೆಣ್ಣುಮಕ್ಕಳಲ್ಲಿ ಒಬ್ಬರೂ ತೇರ್ಗಡೆಯಾಗಲಿಲ್ಲ, ಒಬ್ಬರೇ ಇದ್ದು ಬಿಡಿಸಿದ ಹೆಣ್ಣುಮಕ್ಕಳೆಲ್ಲರೂ ತೇರ್ಗಡೆಯಾದರು. ಸಂಖ್ಯೆ ಸಣ್ಣದು, ನಿಜ. ಆದರೂ ಸಂದರ್ಶನ ಅಳೆದದ್ದು ಜಾಣ್ಮೆಗಿಂತ ಹೆಚ್ಚಾಗಿ ಅಳುಕನ್ನು ಎಂಬುದು ಸ್ಪಷ್ಟ. ಅಮೆರಿಕದಲ್ಲಿ ಓದುತ್ತಿದ್ದವರ ಸ್ಥಿತಿಯೇ ಇದಾದರೆ, ಪಿಯುಸಿಯಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಕಾಲಿಟ್ಟವರ ಪಾಡು ಇನ್ನೂ ಕಠಿಣ.

ಸಾವಿರಾರು ಅರ್ಜಿಗಳನ್ನು ಹೇಗಾದರೂ ಜರಡಿ ಹಿಡಿಯಲೇಬೇಕಲ್ಲ ಎಂದು ಕಂಪನಿಗಳು ಹೇಳುತ್ತವೆ. ಹಿಡಿಯಲಿ, ಆದರೆ ಕಿರುಕೆಲಸವೊಂದನ್ನು ಕೊಟ್ಟು, ಮಾಡಿದ್ದನ್ನು ನೋಡಿಯೂ ಜರಡಿ ಹಿಡಿಯಬಹುದು. ಮನೆಯಲ್ಲಿ ಮಾಡಿದ್ದನ್ನು ಎಐ ಬರೆದುಕೊಟ್ಟಿರಬಹುದೆಂಬ ಅನುಮಾನ ಸಹಜ. ಹಾಗಿದ್ದರೆ ಕಾಲೇಜಿನ ಲ್ಯಾಬಿನಲ್ಲೇ ಒಬ್ಬರೇ ಕೂತು ಮಾಡಲಿ, ಆಮೇಲೆ ಬರೆದದ್ದರ ಬಗ್ಗೆ ಕಾಲು ಗಂಟೆ ಪ್ರಶ್ನಿಸಿದರೆ ಯಾರು ಬರೆದದ್ದೆಂಬುದು ಬಯಲಾಗುತ್ತದೆ. ಇಂಗ್ಲಿಷ್ ಬೇಕೇಬೇಕು ಎಂಬ ಮಾತಿನಲ್ಲೂ ಹುರುಳಿದೆ. ದಾಖಲೆ, ಇಮೇಲ್, ಮೀಟಿಂಗ್ ಎಲ್ಲ ಅದರಲ್ಲೇ. ಆದರೆ ಅದನ್ನು ಪ್ರತ್ಯೇಕವಾಗಿ ನೋಡಲಿ. ತರ್ಕವನ್ನು ಕನ್ನಡದಲ್ಲಿ ವಿವರಿಸಿದರೆ ತರ್ಕ ತಪ್ಪಾಗುವುದಿಲ್ಲ; ಬೆಂಗಳೂರಿನಲ್ಲಿ ಕನ್ನಡ ಬಲ್ಲ ಎಂಜಿನಿಯರುಗಳಿಗೆ ಬರವಿಲ್ಲ.

ತಿರಸ್ಕೃತರಾದವರಿಗೆ ಎಷ್ಟೋ ಕಡೆ ಒಂದು ಸಾಲಿನ ಉತ್ತರವೂ ಬರುವುದಿಲ್ಲ. ಎಲ್ಲಿ ಎಡವಿದೆವೆಂದು ತಿಳಿಯದೆ ಮುಂದಿನ ಸಂದರ್ಶನಕ್ಕೆ ಏನನ್ನು ತಿದ್ದಿಕೊಳ್ಳಬೇಕು? ಸರ್ಕಾರದ ಕಡೆ ನೋಡೋಣವೆಂದರೆ, 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯೂ ಪೂರ್ಣಾವಧಿ ಓದುತ್ತಿರುವವರಿಗೆಂದು ರೂಪಿಸಿದ್ದಲ್ಲ. ಪದವಿಗೆ ಇಂಟರ್ನ್‌ಶಿಪ್ ಪ್ರಮಾಣಪತ್ರ ಬೇಕೇಬೇಕಾದಾಗ, ವಿದ್ಯಾರ್ಥಿಗಳು ಹಣ ಪಡೆದು ಇಂಟರ್ನ್‌ಶಿಪ್ ಕೊಡುವ ಸಂಸ್ಥೆಗಳ ಬಾಗಿಲು ತಟ್ಟುತ್ತಾರೆ. ಹಳ್ಳಿಯಲ್ಲಿ ಶೇಂಗಾ ಬೆಳೆಯುವ ಮನೆಗಳಿಂದ ಬಂದವರಿಗೂ ಆ ಖರ್ಚು ತಪ್ಪದು. ಇಂಟರ್ನ್‌ಶಿಪ್ ಕಡ್ಡಾಯ ಮಾಡಿದ ವಿಶ್ವವಿದ್ಯಾಲಯವೇ ಕಾಲೇಜುಗಳಿಗೆ ಬರುವ ಕಂಪನಿಗಳಿಗೆ ಎರಡು ಷರತ್ತು ಹಾಕಬೇಕು: ಸಂದರ್ಶನದ ರೀತಿಯನ್ನು ಮೊದಲೇ ತಿಳಿಸುವುದು, ಆಯ್ಕೆಯಾಗದವರಿಗೆ ಕಾರಣ ಬರೆದು ಕಳಿಸುವುದು.